ಲಟ್ಟಣಿಗೆಯ ಮೇಲೆ ಬೆಂಗಳೂರು ಸ್ಟೇಷನ್

ಹದಿನೆಂಟು ದಿನ ನಮ್ಮ ಮನೆಯಲ್ಲಿ ಚಪಾತಿ ಇರಲಿಲ್ಲ. ಹಿಟ್ಟಿತ್ತು, ಎಣ್ಣೆಯಿತ್ತು, ಒತ್ತುವುದಕ್ಕೆ ನನ್ನ ಎರಡು ಕೈಗಳೂ ಇದ್ದವು. ಇಲ್ಲದಿದ್ದದ್ದು ಲಟ್ಟಣಿಗೆ. ಕೆಟ್ಟು ಕೂತಿದ್ದ ಪಂಪ್‌ಸೆಟ್ ಮೋಟಾರಿನಿಂದ ತಾಮ್ರದ ತಂತಿ ಬಿಚ್ಚಿ, ನಮ್ಮ ಯಜಮಾನರು ಅದಕ್ಕೆ ನೂರಾಹತ್ತು ಸುತ್ತು ಸುತ್ತಿ ‘ಕಾಯಿಲ್’ ಎಂದು ನಾಮಕರಣ ಮಾಡಿದ್ದರು.

ನಮ್ಮ ಯಜಮಾನರು ಎಂದರೆ ಎನ್. ಬೇಗೂರಿನ ಶುಂಠಿ ಬೆಳೆಗಾರ ವೀರಭದ್ರಸ್ವಾಮಿ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದರು. ವಿಜ್ಞಾನ ಇವರನ್ನು ತೆಗೆದುಕೊಳ್ಳಲಿಲ್ಲ. ಆ ಅವಮಾನ ಇಪ್ಪತ್ತು ವರ್ಷ ಹೊಟ್ಟೆಯಲ್ಲೇ ಇತ್ತೇನೋ, ಮೊಬೈಲಿನಲ್ಲಿ ಯಾವನೋ ರೇಡಿಯೋ ಮಾಡುವುದನ್ನು ತೋರಿಸಿದ್ದೇ ತಡ, ಎದ್ದು ಕುಣಿಯಿತು.

“ಕರೆಂಟೂ ಬ್ಯಾಡ, ಶೆಲ್ಲೂ ಬ್ಯಾಡ ಕಣೇ ಸುಧಾ! ಗಾಳೀಲಿ ಬರೋದ್ನ ಇಡ್ಕೊಂಡು ಅಂಗೇ ಮಾತಾಡ್ತದೆ!”

“ದುಡೀದೆ ಮಾತಾಡೋದು ಈ ಮನೇಲಿ ಆಗ್ಲೇ ಒಂದೈತೆ ಕಣ್ರೀ. ಇನ್ನೊಂದ್ಯಾಕೆ?”

ಮಹಾವಿಜ್ಞಾನಿಗಳು ಇಂಥದ್ದಕ್ಕೆಲ್ಲ ಕಿವಿಗೊಡುವುದಿಲ್ಲ. ಹುಣಸೂರಿನ ರೇಡಿಯೋ ರಿಪೇರಿ ಹಬೀಬ್ ಸಾಹೇಬರ ಅಂಗಡಿಗೆ ಎರಡು ಸಲ ಹೋಗಿ, ಅಕ್ಕಿಕಾಳಿನಷ್ಟು ದೊಡ್ಡ ಡಯೋಡನ್ನೂ ಒಂದೇ ಕಿವಿಗೆ ಆಗುವ ಇಯರ್‌ಫೋನನ್ನೂ ತಂದರು. (ಶುಂಠಿಗೆ ಔಷಧಿ ತರಲು ಹತ್ತಿರದ ಕೋಟೆ ಪಟ್ಟಣಕ್ಕೆ ಒಂದು ಸಲ ಹೋಗಿ ಎಂದರೆ ಮಂಡಿನೋವು.) ನಾನು ಬಟ್ಟೆ ಒಣಹಾಕುವ ತಂತಿ ಏರಿಯಲ್ ಆಗಿ ತೆಂಗಿನಮರ ಹತ್ತಿತು. ಮನೆಯ ಹಾರೆಯನ್ನು ಎಮ್ಮೆ ಕೊಟ್ಟಿಗೆಯಲ್ಲಿ, ಗಂಜಲ ಹರಿಯುವ ಮೂಲೆಗೆ ನೆಟ್ಟರು. ಕಾಯಿಲಿನಿಂದ ಒಂದು ತಂತಿ ಎಳೆದು ಅದಕ್ಕೆ ಕಟ್ಟಿದರು. ಅದು ಅರ್ಥ್ ಅಂತೆ, ನೆಲದ ಸಂಪರ್ಕವಂತೆ. ನೆಲ ಒದ್ದೆಯಿದ್ದಷ್ಟೂ ಒಳ್ಳೆಯದಂತೆ. ಇಷ್ಟೆಲ್ಲ ಮಾಡಿ, ಕೊಟ್ಟಿಗೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು.

“ಏನಾರ ಕೇಳುಸ್ತಾ?” ಎಂದು ಕೇಳಿದರೆ, “ಸುಮ್ಕಿರು, ಏನೋ ಉಸಿರಾಡ್ದಂಗೆ ಕೇಳ್ತದೆ” ಎನ್ನುವರು.

“ಅದು ನಮ್ಮೆಮ್ಮೆ ಕಣ್ರೀ.”

ಹತ್ತು ದಿನ ನೋಡಿದೆ. ಆಮೇಲೆ ಹಾರೆಯನ್ನು ಕಿತ್ತು ಪಕ್ಕದ ಮನೆಯ ಚಿಕ್ಕಮಾದುವಿಗೆ ಬೇಲಿ ಗುಂಡಿ ತೋಡಲು ಕೊಟ್ಟುಬಿಟ್ಟೆ. ನನಗೇನೂ ಪಶ್ಚಾತ್ತಾಪವಾಗಲಿಲ್ಲ.

ಏಕೆಂದರೆ ನಿಜವಾದ ರೇಡಿಯೋ ವ್ಯವಹಾರ ಇದ್ದದ್ದು ನನ್ನದು. ಹಂಪಾಪುರದಲ್ಲಿ ನಮ್ಮ ಮಹಿಳಾ ಸಂಘಗಳ ಸಭೆಗೆ ರೇಡಿಯೋದ ಹುಡುಗಿಯೊಬ್ಬಳು ಬಂದು, ನನ್ನ ಹುರಿಹಿಟ್ಟಿನ ಉದ್ಯಮದ ಬಗ್ಗೆ ಕಾಲುಗಂಟೆ ಮಾತಾಡಿಸಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದಳು. ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ, ಬೆಂಗಳೂರು ಸ್ಟೇಷನ್ನಿನಿಂದ, ನಾನು! ಸಂಘದ ಏಳು ಜನ ಹೆಂಗಸರನ್ನು ಮನೆಗೇ ಬನ್ನಿ, ಮೊಬೈಲಿನಲ್ಲಿ ಎಲ್ಲರೂ ಕೂತು ಕೇಳೋಣ ಎಂದು ಕರೆದಿದ್ದೆ.

ಶುಕ್ರವಾರ ಬೀಸಿದ ಗಾಳಿಗೆ ಕಂಬ ಬಿತ್ತು. ಕರೆಂಟು ಹೋಯಿತು, ಟವರು ಹೋಯಿತು, ಶನಿವಾರದ ಹೊತ್ತಿಗೆ ಊರಿನ ಮೊಬೈಲುಗಳೆಲ್ಲ ಸತ್ತವು. ಭಾನುವಾರ ಹನ್ನೆರಡಕ್ಕೆ ಏಳು ಜನ ಹೆಂಗಸರು ಮಾತ್ರ ತಪ್ಪದೆ ಬಂದರು. ಬದುಕಿನಲ್ಲಿ ಒಂದೇ ಸಲ ನನ್ನ ದನಿ ಆಕಾಶದಲ್ಲಿ ಹಾರಾಡುವ ದಿನ, ಅದನ್ನು ಹಿಡಿಯುವುದಕ್ಕೆ ಗತಿಯಿಲ್ಲ. ಅಳುವೇ ಬಂತು. ಮಾನ ಬಿಟ್ಟು ಯಜಮಾನರ ಹತ್ತಿರ ಹೋದೆ.

“ರೀ, ಅದು ಮಾತಾಡ್ತದಾ?”

“ಯಾವ್ದು? ದುಡೀದೆ ಮಾತಾಡೋದಾ?” ಎಂದರು. ಸಮಯ ನೋಡಿ ಸೇಡು ತೀರಿಸುವ ಗಂಡಸರು ಎಷ್ಟು ಸಣ್ಣವರು ನೋಡಿ!

ಆದರೂ ಎದ್ದರು. ಅರ್ಥ್‌ಗೆ ಹಾರೆ ಇಲ್ಲ. ಚಿಕ್ಕಮಾದು ಹಾರೆ ಸಮೇತ ಹೊಲಕ್ಕೆ ಹೋಗಿದ್ದ. ಕುಡುಗೋಲು ಚುಚ್ಚಿದರೆ ಬರೀ ಗುಯ್ ಎಂದಿತು. ಇಯರ್‌ಫೋನು ಹಿರಿತನದ ಹಕ್ಕಿನಿಂದ ನಮ್ಮತ್ತೆ ಮಲ್ಲಾಜಮ್ಮನವರ ಕಿವಿ ಸೇರಿತ್ತು. (ಅಡಿಗೆಮನೆಯಲ್ಲಿ ನಾನು ಮನಸ್ಸಿನಲ್ಲಿ ಅಂದುಕೊಂಡದ್ದೂ ಹಿತ್ತಲಿನಲ್ಲಿರುವ ಆ ಕಿವಿಗೆ ಕೇಳಿಸುತ್ತದೆ.) “ನಿಮ್ ಕೈಲಿ ಆಗಾಕಿಲ್ಲ, ಕೊಡಿ ಇಲ್ಲಿ” ಎಂದು ನಾನು ಗಂಜಲದ ಕೆಸರಿನಲ್ಲಿ ಬರಿಗಾಲಲ್ಲಿ ಇಳಿದು ತಂತಿ ಕಿತ್ತುಕೊಂಡೆ.

“ಬಂತು! ಬಂತು ಕಣ್ಲಾ ಮಗಾ!” ಎಂದರು ಅತ್ತೆ.

ಹೀಗೆ ಹಾರೆಯ ಬದಲು ನಾನೇ ಅರ್ಥ್ ಆದೆ. ಪಾದ ಮುಳುಗುವಷ್ಟು ಕೆಸರಿನಲ್ಲಿ ತಂತಿ ಹಿಡಿದು ನಿಂತೆ. ಅತ್ತೆ ಕೇಳಿಸಿದ್ದನ್ನೆಲ್ಲ ಎಲ್ಲರಿಗೂ ಒಪ್ಪಿಸತೊಡಗಿದರು.

“‘ನಮಸ್ಕಾರ, ನಾನು ಸುಧಾ’ ಅಂತಾವ್ಳೆ... ರಾಗಿ ಮೊಳ್ಕೆ ಕಟ್ಟೋದ ಏಳ್ತಾವ್ಳೆ...” ಹೆಂಗಸರು ನನ್ನನ್ನು ನೋಡಿದ ನೋಟಕ್ಕೆ ಕೆಸರೆಲ್ಲ ಮರೆತುಹೋಯಿತು. “ಆ ಉಡ್ಗಿ ಕೇಳ್ತಾವ್ಳೆ, ‘ಇದ್ನೆಲ್ಲ ಅತ್ತೆಯವ್ರತ್ರ ಕಲ್ತ್ರಾ’ ಅಂತ.”

ಅದಕ್ಕೆ ನಾನು ಕೊಟ್ಟಿದ್ದ ಉತ್ತರ ನೆನಪಾಯಿತು. ಆ ಹುಡುಗಿ ಹಂಪಾಪುರದಲ್ಲಿ ನಾನು ಏನು ಹೇಳಿದರೂ ಬಿದ್ದು ಬಿದ್ದು ನಗುತ್ತಿದ್ದಳು. ನಕ್ಕಳೆಂದು ನಾನೂ ಇನ್ನಷ್ಟು ಹೇಳಿದ್ದೆ. ತಕ್ಷಣ ತಂತಿ ಕೈಬಿಟ್ಟೆ.

“ಓಯ್ತು! ಇಡ್ಕೊಳ್ಳಮ್ಮಿ ತಂತಿಯಾ!” ಅತ್ತೆಯೂ ಏಳು ಹೆಂಗಸರೂ ಒಟ್ಟಿಗೆ ಕೂಗಿದರು. ಕರೆದವಳು ನಾನೇ, ಏನು ಮಾಡಲಿ? ಹಿಡಿದೆ.

“‘ನಮ್ಮತ್ತೆ ಮಾಡಿದ್ ಉರಿಹಿಟ್ಟು ತಿಂದ್ರೆ ಮೂರು ದಿನ ಬಾಯಿ ಬುಡಕ್ಕಾಗಲ್ಲ, ಅದ್ಕೇ ನಾನೇ ಕಲ್ತೆ’ ಅಂತಾವ್ಳೆ” ಎಂದು ಅತ್ತೆ ಒಂದಕ್ಷರ ಬಿಡದೆ ಒಪ್ಪಿಸಿದರು. ಕಣ್ಣು ಮಾತ್ರ ನನ್ನ ಮೇಲಿತ್ತು. “ಈಗ ಕೇಳ್ತಾವ್ಳೆ, ‘ಯಜಮಾನ್ರು ಸಹಾಯ ಮಾಡ್ತಾರಾ’ ಅಂತ.”

ತಂತಿ ಮತ್ತೆ ಕೈಬಿಟ್ಟೆ. ಯಜಮಾನರು ಕೆಸರಿಗಿಳಿದು, ತಂತಿ ಎತ್ತಿ ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಮೇಲೆ ತಮ್ಮ ಕೈ ಬಿಗಿದರು. “ಅರ್ಥ್ ಅಲ್ಲಾಡ್ಬಾರ್ದು ಕಣೇ.”

“‘ನಮ್ಮನೆಯವ್ರು ಒಂದು ಮರದ ತುಂಡ್ಗೆ ತಂತಿ ಸುತ್ಕೊಂಡು ಕೂತವ್ರೆ, ರೇಡಿಯೋ ಅಂತೆ! ನಾನು ಸಾಯೋಗಂಟ ಅದ್ರಲ್ಲಿ ಒಂದು ಪಿಸುಮಾತೂ ಬರಾಕಿಲ್ಲ’ ಅಂತಾವ್ಳೆ ಮಗಾ.”

ಯಜಮಾನರು ನನ್ನ ಕೈ ಬಿಡಲಿಲ್ಲ.

“ಚೆಂದಾಗಿ ಕೇಳ್ತದಾ ಅವ್ವಾ?”

“ಪಕ್ಕದಲ್ಲೇ ನಿಂತು ಏಳ್ದಂಗೈತೆ ಕಣಪ್ಪಾ” ಎಂದರು ಅತ್ತೆ.