ಪಿಂಗಾಣಿ ಪೊರೆಯೂ ನಮ್ಮ ಸಿಂಗಾರಿಯ ಮರ್ಯಾದೆಯೂ

"ಅತ್ತಿಗೆ, ಈ ಗಲೀಜು ನೀರು ನೋಡಿ! ಈಗ ಕೆಳಗೆ ನೋಡಿ!" ಎಂದು ನನ್ನ ಮೈದುನ ಜವರಯ್ಯ ಕೂಗಿದ.

ಊರಿನ ಹಾಲಿನ ಡೇರಿ ಬಾಗಿಲಲ್ಲಿ ಅವನ ಹೊಸ ಯಂತ್ರ ನಿಂತಿತ್ತು. ಕ್ಯಾನು ತೊಳೆದ ಕೊಳಕು ನೀರನ್ನು ಮೇಲಿನ ಅಗಲ ಬಾಯಿಗೆ ಸುರಿದರೆ ಕೆಳಗಿನ ನಲ್ಲಿಯಲ್ಲಿ ತಿಳಿನೀರು! ಒಳಗೆ ಪಿಂಗಾಣಿಯ ಪೊರೆ ಇದೆಯಂತೆ. ಅದರ ತೂತುಗಳು ಎಷ್ಟು ಸಣ್ಣವೆಂದರೆ ನೀರೊಂದು ಬಿಟ್ಟು ಬೇರೇನೂ ನುಸುಳುವುದಿಲ್ಲವಂತೆ. ಜೊತೆಗೊಂದು ಧ್ವನಿವರ್ಧಕ. ಬಾಯಿಗೆ ಬಿದ್ದದ್ದರಲ್ಲಿ ನೂರಕ್ಕೆ ಎಷ್ಟು ಪಾಲು ನೀರು ಎಂದು ಅದು ಊರಿಗೆಲ್ಲ ಸಾರುತ್ತದೆ. ಇದನ್ನು ಮಾತ್ರ ಯಾರೂ ಬೇಕೆಂದು ಕೇಳಿರಲಿಲ್ಲ. ಜವರಯ್ಯನ ಯಂತ್ರಗಳಲ್ಲಿ ಯಾರೂ ಕೇಳದ ಭಾಗವೇ ಯಾವಾಗಲೂ ಮಾನ ಕಳೆಯುವುದು.

ಶುರುವಾದದ್ದು ನನ್ನಿಂದಲೇ. ಬಾಗಿಲ ಎಡಕ್ಕೆ ಹಾಲಿನ ಕ್ಯಾನು ಇರುವುದು ವಾಡಿಕೆ. ಆ ದಿನ ಅಲ್ಲಿ ಯಂತ್ರವಿತ್ತು. ಪಕ್ಕದವಳೊಡನೆ ಹರಟುತ್ತಾ ರೂಢಿಯಂತೆ ಬಕೆಟ್ ಬಗ್ಗಿಸಿಬಿಟ್ಟೆ.

"ನೀರು! ತೊಂಬತ್ತು ಪಾಲು ನೀರು!"

ಸಾಲಿಗೆ ಸಾಲೇ ಘೊಳ್ಳೆಂದು ನಕ್ಕಿತು. ನಾನು ಬಕೆಟನ್ನು ಸೆರಗಿನಡಿ ಮರೆಮಾಡಿದೆ. ಏಕೆಂದರೆ ದಿನಾ ಬರುವ ದಾರಿಯಲ್ಲಿ ಒಂದು ಚೊಂಬು ನೀರು ಬೆರೆಸುತ್ತಿದ್ದವಳು ನಾನೇ!

ಸುದ್ದಿ ಕೇಳಿ ಅತ್ತೆ ಸಣ್ಣತಾಯಮ್ಮ ಸೆರಗು ಬಿಗಿದು ಬಂದರು. "ನಲವತ್ತು ವರ್ಸದಿಂದ ನನ್ ಹಾಲ್ಗೆ ಹನಿ ನೀರ್ ಸೋಕಿಲ್ಲ ಕಣ್ಲಾ!"

"ಯಂತ್ರ ಸುಳ್ಳೇಳಕಿಲ್ಲ ಕಣವ್ವಾ!" ಎಂದ ಜವರಯ್ಯ.

"ಅಂಗಾರೆ ನಾನ್ ಸುಳ್ಳೇಳ್ತೀನಾ? ಇಲ್ಲ, ನನ್ ಸೊಸೆ ಕಳ್ಳೀನಾ? ಯಾರಲ್ಲಿ, ನಮ್ ಹಸ ಹಿಡ್ಕೊಂಡ್ ಬನ್ನಿ!"

ಅತ್ತೆ ನನ್ನ ಪರ ನಿಂತದ್ದು ನೋಡಿ ನಾಚಿಕೆಯಿಂದ ಅಳುವೇ ಬಂತು. ಇನ್ನು ನನ್ನ ಕಳ್ಳತನ ಬಯಲಾಗುತ್ತದೆ, ಅವರ ನಲವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆ ಎಂದು ಹೆದರಿ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ನಮ್ಮ ಹಸು ಸಿಂಗಾರಿ ಬಂದಳು. ಕರುವಿಗೆಂದು ಬಿಟ್ಟಿದ್ದ ಹಾಲನ್ನು ಅತ್ತೆ ಎಲ್ಲರೆದುರೇ ಕರೆದು ಯಂತ್ರದ ಬಾಯಿಗೆ ಸುರಿದರು.

"ನೀರು! ಎಂಬತ್ತೇಳು ಪಾಲು ನೀರು!"

ಎಲ್ಲರೂ ಹಸುವನ್ನು ನೋಡಿದರು. ಹಸು ಮೆಲುಕು ಹಾಕಿತು.

"ಅಂಗಾರೆ ಹಸಾನೇ ಬೆರೆಸ್ತದೆ!" ಎಂದರು ಡೇರಿಯ ಕಾರ್ಯದರ್ಶಿ. ಸಾಲಿನಲ್ಲಿದ್ದವರ ಮುಖವೆಲ್ಲ ಅರಳಿತು. ಅಲ್ಲಿ ಚೊಂಬಿನ ಗುಟ್ಟು ಇದ್ದವಳು ನಾನೊಬ್ಬಳೇ ಅಲ್ಲವೆಂದು ಆಗ ಗೊತ್ತಾಯಿತು. ನನ್ನ ತೊಂಬತ್ತರಲ್ಲಿ ಉಳಿದ ಮೂರು ಪಾಲಿನ ವಿಚಾರ ಯಾರಿಗೂ ಹೊಳೆಯಲಿಲ್ಲ.

ಜವರಯ್ಯ ಹಣೆ ಚಚ್ಚಿಕೊಂಡ. "ಅಯ್ಯೋ, ಹಾಲ್ನಾಗೆ ಹುಟ್ಟಾ ಇರೋದೇ ಅಷ್ಟು ನೀರು! ಮರ್ತೇಬಿಟ್ಟಿದ್ದೆ!"

"ಮದ್ಲೇ ಬೊಗಳಾಕೆ ಏನಾಗಿತ್ತು ನಿಂಗೆ?" ಎಂದು ಅತ್ತೆ ಗದರಿದರು.

ಅಷ್ಟರಲ್ಲಿ ಕೆನೆ ಕಟ್ಟಿಕೊಂಡು ಯಂತ್ರ ಗೊರಗೊರ ಎನ್ನತೊಡಗಿತು. ಏನಾಯಿತೆಂದು ಜವರಯ್ಯ ಅದರ ಬಾಯೊಳಗೆ ತಲೆ ತೂರಿಸಿದ.

"ನೀರು! ಅರವತ್ತು ಪಾಲು ನೀರು!" ಎಂದು ಸಾರಿದ ಯಂತ್ರ, ಒಳಗಿದ್ದ ಕೆನೆಯನ್ನೆಲ್ಲ ಅವನ ಮುಖಕ್ಕೇ ಉಗಿದು ಶಾಶ್ವತವಾಗಿ ಬಾಯಿ ಮುಚ್ಚಿತು.

ಅತ್ತೆ ಸೊಂಟಕ್ಕೆ ಕೈಯಿಟ್ಟು ಜನರ ಕಡೆ ತಿರುಗಿದರು. "ನೋಡ್ರಪ್ಪಾ, ಇವನ್ನ ಹೆತ್ತಾಗ್ಲೂ ನಾನು ನೀರ್ ಬೆರೆಸಿರ್ಲಿಲ್ಲ!"

ಮಾರನೆಯ ದಿನದಿಂದ ನಾನು ಚೊಂಬು ಮುಟ್ಟಿಲ್ಲ. ಆ ಕೆಲಸವನ್ನು ಸಿಂಗಾರಿಯೇ ಇಷ್ಟು ಚೆನ್ನಾಗಿ ಮಾಡುತ್ತಿರುವಾಗ ನಾನೇಕೆ ಸುಮ್ಮನೆ ಕೈ ನೋಯಿಸಿಕೊಳ್ಳಲಿ?