ಪ್ಲೇಗಮ್ಮನ ಸೀರೆ

ಎಲ್ಲ ರಗಳೆಗೂ ಮೂಲ ಒಂದು ತೆಂಗಿನಕಾಯಿ ಚಟ್ನಿ.

ಚಳ್ಳಕೆರೆ ಕಚೇರಿಯ ಗುಮಾಸ್ತ ತಿಪ್ಪೇರುದ್ರಪ್ಪನ ಹೆಸರಿನಲ್ಲಿ ದೇವರಿದ್ದ, ತಲೆಯಲ್ಲಿ ಇರಲಿಲ್ಲ. ಸಾಹೇಬರು ಓದಿ ಬಿಸಾಡಿದ ಬೆಂಗಳೂರಿನ ಪತ್ರಿಕೆಯನ್ನು ಇವನು ಮೊದಲಿನಿಂದ ಕೊನೆಯವರೆಗೆ ಓದಿ, ಸಿಕ್ಕಿದವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ದೇವರಿಲ್ಲ, ದೆವ್ವವಿಲ್ಲ, ಇರೋದು ಕ್ರಿಮಿ ಮಾತ್ರ" ಎಂದು ಉಪದೇಶ ಮಾಡುತ್ತಿದ್ದ. ಕೇಳಿದವರು ಹೌದು ಹೌದು ಎಂದು ತಲೆಯಾಡಿಸಿ, ಎಲೆಅಡಿಕೆ ಹಾಕಿಕೊಂಡು, ನೆಟ್ಟಗೆ ಗುಡಿಗೆ ಹೋಗುತ್ತಿದ್ದರು. ಅಂಥವನು ಒಂದು ಬೆಳಿಗ್ಗೆ ವ್ಯಂಜನ ಇಲ್ಲವೆಂದು ಕಳಶದ ಮೇಲಿನ ಕಾಯಿಯನ್ನೇ ಒಡೆದು ಚಟ್ನಿ ರುಬ್ಬಿಕೊಂಡು ರೊಟ್ಟಿ ತಿಂದ. ಹೆಂಡತಿ ಓಬಳಮ್ಮ ತುಟಿಪಿಟಕ್ಕೆನ್ನಲಿಲ್ಲ. ಆದರೆ ಪಕ್ಕದ ಮನೆಯ ಸೂರಮ್ಮನ ಬಾಯಿಗೆ ಬಾಗಿಲೆಲ್ಲಿ? ಸುದ್ದಿ ಕೊಂಡ್ಲಹಳ್ಳಿ ಮುಟ್ಟಿತು. ಮಾವ ಕಲ್ಲೇಶಪ್ಪ ಮಗ್ಗ ಬಿಟ್ಟು ಎದ್ದು ಬಂದು ಮಗಳನ್ನು ಕರೆದುಕೊಂಡು ಹೋಗಿಯೇಬಿಟ್ಟ.

"ದೇವರ ಮುಂದೆ ಒಂದೇ ಒಂದು ಸಲ ಕೈ ಮುಗೀರಿ ಅಳಿಯಂದಿರೇ, ನಾನೇ ತಂದು ಬಿಡ್ತೀನಿ. ಇಲ್ಲಾಂದ್ರೆ ಅವಳು ನನ್ನ ಮಗಳಾಗೇ ಇರ್ತಾಳೆ" ಎಂದು ಬಾಗಿಲಲ್ಲಿ ನಿಂತು ಹೇಳಿದ್ದ.

"ಕೈ ಕಡ್ಕೊಂಡೇನು, ಮುಗಿಯೋದಿಲ್ಲ" ಎಂದಿದ್ದ ಅಳಿಯ. ಹೇಳುವಾಗ ಜೋರಾಗೇ ಹೇಳಿದ್ದ. ಆಮೇಲೆ ಎರಡು ತಿಂಗಳು ಸೀದ ಮುದ್ದೆ ತಿಂದು, ಆರಿದ ಒಲೆಯ ಮುಂದೆ ಒಬ್ಬನೇ ಕೂತು, ಓಬಳಮ್ಮನ ಬಳೆಯ ಸದ್ದಿಲ್ಲದ ಮನೆಯಲ್ಲಿ ಅವನಿಗೆ ಅಳುವೇ ಬರುವಂತಾಗಿತ್ತು. ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಪ್ಲೇಗಿನ ಕಾಟಕ್ಕೆ ಬೇಸತ್ತ ಕಲ್ಲೇಶಪ್ಪ ನಾಳೆಯೇ ಸಂಸಾರ ಸಮೇತ ಧರ್ಮಾವರಕ್ಕೆ ಹೊರಡುತ್ತಾನಂತೆ, ಮಗಳೂ ಜೊತೆಗಂತೆ. ಇವತ್ತು ಕರೆತಂದರೆ ಹೆಂಡತಿ, ಇಲ್ಲದಿದ್ದರೆ ಇಲ್ಲ. ತಿಪ್ಪೇರುದ್ರಪ್ಪ ರಜೆಯನ್ನೂ ಕೇಳದೆ, ನಸುಕಿನಲ್ಲೇ ಬಾಬು ಸಾಬನ ಎತ್ತಿನ ಗಾಡಿ ಹತ್ತಿದ.

ಮಟಮಟ ಮಧ್ಯಾಹ್ನದ ಹೊತ್ತಿಗೆ ಗಾಡಿ ಎರಡು ತಾಲ್ಲೂಕಿನ ನಡುವಿನ ಗಡಿಕಲ್ಲಿಗೆ ಬಂತು. ಸುತ್ತ ಒಂದು ನರಪಿಳ್ಳೆಯಿಲ್ಲ. ಒಣಹುಲ್ಲು, ಜಾಲಿಮರ, ಬಿಸಿಲು. ಎತ್ತುಗಳು ತಾವಾಗೇ ನಿಂತವು. ಕಲ್ಲಿನ ಬುಡದಲ್ಲಿ ಒಂದು ಹೊಸ ಮೊರ, ಅದರಲ್ಲಿ ಬೇವಿನ ಸೊಪ್ಪು, ಹಸಿರು ಬಳೆ, ಕಣ್ಣು ಮೂಗು ಬರೆದ ಅರಿಸಿನದ ಮಡಕೆ. ಆ ಮಡಕೆಗೆ ಒಂದು ಕೆಂಪು ರೇಷ್ಮೆ ಸೀರೆ ಉಡಿಸಿತ್ತು.

"ತೋಬಾ ತೋಬಾ! ಪ್ಲೇಗಮ್ಮನ್ನ ಸಾಗಹಾಕ್ಯಾರೆ" ಎಂದ ಬಾಬು ಸಾಬ್, ದನಿ ತಗ್ಗಿಸಿ.

"ಪ್ಲೇಗಮ್ಮ!" ತಿಪ್ಪೇರುದ್ರಪ್ಪ ನಕ್ಕ. "ಇಂಗ್ಲಿಷ್ ಹೆಸರಿನ ದೇವತೆ ನೋಡಯ್ಯ. ಮೊನ್ನೆ ರೈಲಿನಲ್ಲಿ ಬಂದ ರೋಗ, ಇವತ್ತು ಅಮ್ಮನಾಗಿ ಕೂತೈತೆ. ಈಕೆಯನ್ನ ಈ ತಾಲ್ಲೂಕಿನೋರು ಆ ತಾಲ್ಲೂಕಿಗೆ ತಳ್ಳೋದು, ಆ ತಾಲ್ಲೂಕಿನೋರು ಇನ್ನೊಂದಕ್ಕೆ ತಳ್ಳೋದು. ಥೇಟ್ ನಮ್ಮ ಕಚೇರಿ ಕಡತ!"

ನಗುತ್ತಲೇ ಅವನ ಕಣ್ಣು ಸೀರೆಯ ಮೇಲೆ ಬಿತ್ತು. ಎಂಥ ಸೀರೆ! ಆರು ವರ್ಷದ ಸಂಸಾರದಲ್ಲಿ ಓಬಳಮ್ಮನಿಗೆ ಅಂಥದ್ದೊಂದು ತರಲು ಅವನ ಕೈಯಲ್ಲಿ ಆಗಿರಲಿಲ್ಲ. ಮಡಕೆಗೆ ರೇಷ್ಮೆ, ಮನುಷ್ಯಳಿಗೆ ಹತ್ತಿ, ಇದು ಯಾವ ಸೀಮೆ ನ್ಯಾಯ? ಪ್ಲೇಗು ಬರುವುದು ಇಲಿಯಿಂದ, ಸೀರೆಯಿಂದಲ್ಲ ಎಂದು ಪತ್ರಿಕೆಯಲ್ಲೇ ಬಂದಿತ್ತು. ಗಾಡಿಯಿಂದ ಧುಮುಕಿ, ಸರಸರ ಸೀರೆ ಬಿಚ್ಚಿ, ಕೊಡವಿ, ಮಡಿಚಿ ಚೀಲಕ್ಕೆ ತುರುಕಿದ. ಬೋಳು ಮಡಕೆಯ ಬರೆದ ಕಣ್ಣು ಅವನನ್ನೇ ನೋಡುತ್ತಿತ್ತು. ಬರೆದ ಕಣ್ಣು ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತದೆ, ಅದು ಚಿತ್ರದ ಗುಣ ಎಂದುಕೊಂಡ.

ಗಾಡಿ ಹತ್ತಲು ಹೋದರೆ ಬಾಬು ಸಾಬ್ ಬಾರುಕೋಲು ಅಡ್ಡ ಹಿಡಿದ. "ಮಾಫ್ ಮಾಡ್ರಿ ಸ್ವಾಮಿ. ನಿಮ್ಮೊಬ್ಬರಿಗೆ ಅಂತ ಜಾಗ ಕೊಟ್ಟಿದ್ದೆ. ಇಬ್ಬರಿಗೆ ಜಾಗ ಇಲ್ಲ."

"ಇಬ್ಬರು ಯಾರಯ್ಯ?"

ಬಾಬು ಸಾಬ್ ಎತ್ತುಗಳ ಹಗ್ಗ ಎಳೆದ. ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ಸುತ್ತುದಾರಿ ಹಿಡಿದು, ಎತ್ತುಗಳ ಬಾಲ ಮುರಿದು ಓಡಿಸಿದ. ತಿಪ್ಪೇರುದ್ರಪ್ಪ ಒಮ್ಮೆ ಹಿಂತಿರುಗಿ ನೋಡಿದ. ಯಾರೂ ಇರಲಿಲ್ಲ. ಇಲ್ಲವೆಂದು ಗೊತ್ತಿದ್ದರೂ ಯಾಕೆ ನೋಡಿದೆ ಎಂದು ತನ್ನ ಮೇಲೇ ಸಿಟ್ಟು ಬಂತು.

ಕಾಲುನಡಿಗೆಯಲ್ಲಿ ಸ್ವಲ್ಪ ದೂರ ಹೋಗುವುದರಲ್ಲಿ ಎದುರಿಗೆ ಕುರಿಹಿಂಡು ಬಂತು. ಕುರಿಗಳು ಅವನ ಹತ್ತಿರ ಬಂದು ಇಬ್ಭಾಗವಾದವು. ಆಗಲಿ, ಮನುಷ್ಯನನ್ನು ಕಂಡರೆ ಕುರಿ ದಾರಿ ಬಿಡುತ್ತದೆ. ಆದರೆ ಅವು ಬಿಟ್ಟಿದ್ದು ಅವನೊಬ್ಬನಿಗೆ ಬೇಕಾದ ಜಾಗವನ್ನಲ್ಲ. ಅವನ ಎಡಗಡೆ ಇನ್ನೊಬ್ಬರು ಆರಾಮಾಗಿ ನಡೆಯುವಷ್ಟು ನೆಲ ಖಾಲಿ ಬಿಟ್ಟು ಸುತ್ತಿಕೊಂಡು ಹೋದವು. ಹಿಂದೆ ಬಂದ ಕುರುಬ ಹುಲಿಯಪ್ಪ ಕಂಬಳಿ ತೆಗೆದು ಆ ಖಾಲಿ ಜಾಗಕ್ಕೆ ನಡು ಬಗ್ಗಿಸಿದ.

"ಯಾರಿಗಯ್ಯ ಅದು?"

ಹುಲಿಯಪ್ಪ ಅವನ ಕಡೆ ತಿರುಗಲೂ ಇಲ್ಲ. "ನಮ್ಮ ಹಟ್ಟಿ ಕಡೆ ಮಾತ್ರ ಬರಬ್ಯಾಡ ತಾಯೀ" ಎಂದವನೇ ಕುರಿಗಳ ಹಿಂದೆ ಓಡಿದ.

ಒಂದು ಕುರಿ ಹೋದ ಹಾಗೆ ಉಳಿದವು ಹೋಗುತ್ತವೆ, ಕುರುಬನೂ ಹೋಗುತ್ತಾನೆ ಎಂದು ತಿಪ್ಪೇರುದ್ರಪ್ಪ ಗಟ್ಟಿಯಾಗಿಯೇ ಹೇಳಿದ. ಗಟ್ಟಿಯಾಗಿ ಹೇಳುವ ಅಗತ್ಯವೇನಿತ್ತೋ, ಕೇಳುವವರು ಯಾರಿದ್ದರೋ! ಚೀಲವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಿಸಿದ.

ಬಾಯಾರಿ ನಾಲಿಗೆ ಅಂಗುಳಕ್ಕೆ ಅಂಟುವಾಗ ಒಂದು ಬಾವಿ ಸಿಕ್ಕಿತು. ಅಲ್ಲಿ ಎರ್ರಮ್ಮನೆಂಬ ಮುದುಕಿ ಮಡಕೆ ಇಟ್ಟುಕೊಂಡು ಕೂತಿದ್ದಳು. "ರಾ ನಾಯ್ನಾ, ಕೂತ್ಕೋ" ಎಂದು ಅಕ್ಕರೆಯಿಂದ ಕರೆದು, ಎರಡು ಎಲೆದೊನ್ನೆಗೆ ನೀರು ಬಗ್ಗಿಸಿದಳು. ಒಂದನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ಅವನ ಪಕ್ಕ ನೆಲದ ಮೇಲೆ ಇಟ್ಟಳು.

"ಅದ್ಯಾರಿಗಜ್ಜೀ?"

"ಹೆಣ್ಣುಮಕ್ಕಳು ಕೇಳಿ ಕುಡಿಯಲ್ಲಪ್ಪ. ನಾವೇ ಇಡಬೇಕು."

ಅವನು ಚೀಲದ ಕಡೆ ನೋಡಿಕೊಂಡ. ಸೀರೆಯ ಒಂದೆಳೆಯೂ ಕಾಣದಂತೆ ಚೀಲದ ಬಾಯಿ ಕಟ್ಟಿತ್ತು. "ಓಹೋ! ಬಾಬು ಸಾಬ್ ಈ ಕಡೆ ಗಾಡಿ ಹೊಡ್ಕೊಂಡು ಬಂದು ಹೇಳಿ ಹೋಗ್ಯಾನೆ, ಅಲ್ವಾ?"

"ಗಾಡೀನಾ? ಈ ದಾರೀಲಿ ಇವತ್ತು ಗಾಡಿನೂ ಬಂದಿಲ್ಲ, ಗೀಡಿನೂ ಬಂದಿಲ್ಲ. ನೀವಿಬ್ಬರೇ ಬಂದಿದ್ದು."

ಅವನು ಒಂದೇ ಗುಟುಕಿಗೆ ನೀರು ಕುಡಿದು ದೊನ್ನೆ ಕೆಳಗಿಟ್ಟ. ಪಕ್ಕದ ದೊನ್ನೆ ನೋಡಿದರೆ ಅದೂ ಖಾಲಿ. ಎಲೆ ತೂತಾಗಿತ್ತು, ಒಣಮಣ್ಣು ಹೀರಿತು ಎಂದು ತನಗೆ ತಾನೇ ಹೇಳಿಕೊಂಡ. ತೂತು ಇದೆಯೋ ಇಲ್ಲವೋ ಎತ್ತಿ ನೋಡಬಹುದಿತ್ತು. ವಿಜ್ಞಾನ ಬಲ್ಲವನು ಪರೀಕ್ಷೆ ಮಾಡಿಯೇ ನಂಬಬೇಕು ಎಂದು ಅವನೇ ಎಷ್ಟು ಸಲ ಜಗಲಿಯ ಮೇಲೆ ಹೇಳಿರಲಿಲ್ಲ? ಯಾಕೋ ಎತ್ತದೆಯೇ ಹೊರಟ.

ಕೊಂಡ್ಲಹಳ್ಳಿಯವರು ಊರು ಖಾಲಿ ಮಾಡಿ ಹೊಲದಲ್ಲಿ ತಡಿಕೆ ಗುಡಿಸಲು ಹಾಕಿಕೊಂಡಿದ್ದರು. ಧರ್ಮಾವರಕ್ಕೆ ಹೊರಡುವ ಗಂಟುಮೂಟೆಗಳ ನಡುವೆ ಕಲ್ಲೇಶಪ್ಪ ಕೂತಿದ್ದ. ಬಾಗಿಲಲ್ಲಿ ಓಬಳಮ್ಮ ನಿಂತಿದ್ದಳು. ಅವಳ ಕಂಕುಳಲ್ಲಿ ಅವಳದೇ ಒಂದು ಸಣ್ಣ ಗಂಟಿತ್ತು, ಬೇರೆಯಾಗಿ ಕಟ್ಟಿದ್ದು. ಗಂಡನನ್ನು ಕಂಡು ಅವಳ ಕಣ್ಣು ಅರಳಿತು. ಆ ಗಂಟು ಧರ್ಮಾವರದ್ದಲ್ಲ, ಚಳ್ಳಕೆರೆಯದು ಎಂದು ಅವನಿಗೆ ನೋಡಿದ ತಕ್ಷಣ ಗೊತ್ತಾಯಿತು. ದಾರಿಯ ದಿಗಿಲೆಲ್ಲ ಹಾರಿಹೋಗಿ ಉಬ್ಬಿಹೋದ.

"ಓಬೀ, ನೋಡಿಲ್ಲಿ ಏನು ತಂದೀನಿ!" ಎಂದು ಎಲ್ಲರೆದುರು ಸೀರೆಯನ್ನು ಝಾಡಿಸಿ ಬಿಚ್ಚಿದ.

ಕಲ್ಲೇಶಪ್ಪ ಸೀರೆಯ ಅಂಚನ್ನು ನೋಡಿದ, ಅಳಿಯನನ್ನು ನೋಡಿದ, ಮತ್ತೆ ಅಂಚನ್ನು ನೋಡಿದ. "ನನ್ನ ಕೈಯಾಗೇ ನೇಯ್ದಿದ್ದು. ನಿನ್ನೆ ಊರೆಲ್ಲ ಸೇರಿ ಉಡಿಸಿ, ಗಡಿ ದಾಟಿಸಿ ಬಂದೀವಿ. ದಾರೀಲಿ ಹೋಗೋ ಮಾರೀನ ಮನೆಗೆ ಕರೆದ್ರಂತೆ ಅಂತ ಗಾದೆ ಹೇಳ್ತಿದ್ವಿ. ನೀವು ಕರ್ಕೊಂಡೇ ಬಂದ್ರಲ್ಲ ಅಳಿಯಂದಿರೇ!"

ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಊರ ಗೌಡ ದಾಸಣ್ಣ ಮುಂದೆ ಬಂದ. "ಎತ್ಕೊಂಡು ಬಂದೋರೇ ವಾಪಸ್ ಉಡಿಸಿ, ಕೈ ಮುಗಿದು ಬರಬೇಕು. ಬೇರೆಯೋರು ಮುಟ್ಟಂಗಿಲ್ಲ. ಅದೇ ಪದ್ಧತಿ."

"ಏನು ಮುಗಿಯೋದು ಗೌಡ್ರೇ! ಇದು ರೋಗ. ಇಲಿ ಹೊಡೀರಿ ಮೊದ್ಲು."

"ಹೊಡೆದ್ವಿ ಸ್ವಾಮಿ. ಡಾಕ್ಟ್ರನ್ನ ಕಳಿಸ್ರಿ ಅಂತ ಅರ್ಜಿನೂ ಹಾಕಿದ್ವಿ. ಅದಿನ್ನೂ ತಿರುಗ್ತಾನೇ ಐತೆ. ಈ ಅಮ್ಮ ನೋಡ್ರಿ, ಅರ್ಜಿ ಇಲ್ದಲೇ ಬಂದ್ಲು."

"ದಸರಾಕ್ಕೆ ಮೈಸೂರಿನ ಸಭೇಲಿ ನಮ್ಮ ಪ್ರತಿನಿಧಿಗಳು ದಿವಾನರನ್ನೇ ಕೇಳ್ತಾರೆ."

"ಅವರೂ ಅಲ್ಲಿ ಕೈ ಮುಗ್ಕೊಂಡೇ ನಿಂತಿರ್ತಾರಂತಲ್ಲ? ಅದಿರ್ಲಿ, ನೀವು ದಿನಾ ಬೆಳಿಗ್ಗೆ ಸಾಹೇಬರಿಗೆ ಮುಗಿಯಲ್ವಾ?"

"ಸಾಹೇಬರು ಕಣ್ಣಿಗೆ ಕಾಣ್ತಾರೆ!"

"ಅವರ ಕೆಲಸ ಕಾಣ್ತೈತಾ?"

ಕಲ್ಲೇಶಪ್ಪ ಕೊನೆಯ ಮಾತು ಹೇಳಿದ: "ನಮ್ಮ ಗುಡೀಲಿ ಮುಗಿಯೋದು ಬ್ಯಾಡ. ಅಲ್ಲಿ ಮುಗಿದು ಬರ್ರಿ ಸಾಕು. ಅವಳು ಹೂಂ ಅಂದ್ರೆ ಈಗಿಂದೀಗಲೇ ಕರ್ಕೊಂಡು ಹೋಗ್ರಿ. ನಾನು ಅಡ್ಡ ಬರಲ್ಲ."

ತಿಪ್ಪೇರುದ್ರಪ್ಪ ಹೆಂಡತಿಯ ಕಂಕುಳಿನ ಗಂಟನ್ನು ನೋಡಿದ. ಅವಳು ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅವನು ಸೀರೆ ಎತ್ತಿಕೊಂಡಾಗಿತ್ತು. ಕೈಯೆಂದರೆ ಮೂಳೆ, ಮಾಂಸ. ಒಂದಕ್ಕೊಂದು ತಗುಲಿದರೆ ಯಾವ ಸಿದ್ಧಾಂತ ಮುಳುಗೀತು? ಸುಮ್ಮನೆ ನಾಟಕ ಮಾಡಿದರಾಯಿತು ಎಂದುಕೊಂಡು ಬಿರಬಿರನೆ ನಡೆದ. ಊರಿಗೆ ಊರೇ ದೂರದಿಂದ ಹಿಂಬಾಲಿಸಿತು. ಓಬಳಮ್ಮನೂ ಗಂಟು ಹಿಡಿದೇ ಬಂದಳು.

ಗಡಿಕಲ್ಲಿನ ಹತ್ತಿರ ಬಿಸಿಲು ಕೆಂಪಗಾಗಿತ್ತು. ಅವನು ಮಡಕೆಗೆ ಸೀರೆ ಸುತ್ತಿದ. ಸುತ್ತುವಾಗ ಗಾಳಿ ನಿಂತಿತು. ಜಾಲಿಮರದ ಹಕ್ಕಿಗಳು ಒಟ್ಟಿಗೇ ಸುಮ್ಮನಾದವು. ಸೀರೆಯ ತುದಿಯನ್ನು ಸಿಕ್ಕಿಸಲು ಹೋದರೆ ಬಟ್ಟೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಉಟ್ಟು ಬಿಚ್ಚಿಕೊಟ್ಟಂತೆ. ಬಿಸಿಲಿನ ಕಾವು ಅದು, ಬಿಸಿಲಿನ ಕಾವು ಎಂದು ಎರಡು ಸಲ ಅಂದುಕೊಂಡ. ಮೂರನೆಯ ಸಲಕ್ಕೆ ಅವನ ಎರಡು ಕೈಗಳೂ ಅವನನ್ನು ಕೇಳದೆಯೇ ಚಪ್ ಎಂದು ಕೂಡಿಕೊಂಡವು. ಕಣ್ಣು ಮುಚ್ಚಿತು. ಮೊಣಕಾಲು ಮಡಚಿತು. "ತಪ್ಪಾಯ್ತು ತಾಯೀ" ಎಂದು ಯಾರೋ ಅಂದರು. ನಾಲಿಗೆ ಒಣಗಿದ್ದರಿಂದ ಅದು ತನ್ನದೇ ದನಿಯೆಂದು ಅವನಿಗೆ ಕೂಡಲೇ ಗೊತ್ತಾಗಲಿಲ್ಲ.

ಕಣ್ಣು ಬಿಟ್ಟು ತಿರುಗಿದರೆ ಬಯಲೆಲ್ಲ ಖಾಲಿ! ದೂರದಲ್ಲಿ ಧೂಳೆಬ್ಬಿಸಿಕೊಂಡು ಊರು ಓಡುತ್ತಿತ್ತು. ದಾಸಣ್ಣ ಗೌಡ ಎಲ್ಲರಿಗಿಂತ ಮುಂದೆ, ರುಮಾಲು ಬಿದ್ದದ್ದೂ ತಿಳಿಯದೆ.

ತಿಪ್ಪೇರುದ್ರಪ್ಪ ಏದುಸಿರು ಬಿಡುತ್ತ ಬಿಡಾರಕ್ಕೆ ಬಂದಾಗ ಒಂದೊಂದು ಗುಡಿಸಲಿನ ತಡಿಕೆಯೂ ಮುಚ್ಚಿತ್ತು. ಕಲ್ಲೇಶಪ್ಪ ಸಂದಿಯಿಂದ ಮುಖ ತೋರಿಸಿದ. ಆ ಮುಖದಲ್ಲಿ ರಕ್ತವಿರಲಿಲ್ಲ. "ವರ್ಷಾ ವರ್ಷಾ ಸಾಗಹಾಕ್ತೀವಿ, ಕಸ ಗುಡಿಸಿ ಹಾಕ್ದಂಗೆ. ಹಿಂಗೆ ಯಾವತ್ತೂ ಹೆದರಿರ್ಲಿಲ್ಲ ಕಣ್ರಿ. ನಿಮ್ಮಂಥೋರೇ ಮಂಡಿಯೂರಿದ್ರಲ್ಲಾ..." ಎಂದು ಒಳಗೆ ಸರಿದುಕೊಂಡ.

"ನೀವು ಹೇಳ್ದಂಗೇ ಮುಗಿದೀನಿ ಮಾವಾ, ಮಾತು ಉಳಿಸ್ಕೊಳ್ರಿ! ಓಬೀ, ಬಾ, ಹೊರಡು!"

ತಡಿಕೆಯ ಹಿಂದೆ ಓಬಳಮ್ಮ ಬಿಕ್ಕುತ್ತಿದ್ದಳು. "ನಾ ಬರಲ್ಲ ಕಣ್ರಿ. ಅವಳನ್ನ ಕೂರಿಸಿರೋ ದಾರೀಲೇ ಹೋಗಬೇಕು. ನಾ ಬರಲ್ಲ."

"ನೀನೇನು ಹೆದರೋಳಲ್ಲವಲ್ಲೇ!"

"ಆರು ವರ್ಷ ಹೆದರಲಿಲ್ಲ. ಎಷ್ಟು ಜನ ಸತ್ರು, ಎಷ್ಟು ಬೀದಿ ಖಾಲಿಯಾದ್ವು, ನಾನು ಒಬ್ಬಳೇ ನೀರಿಗೆ ಹೋಗ್ತಿದ್ದೆ, ನೀವು ಊರಲ್ಲಿಲ್ಲದಾಗ ಒಬ್ಬಳೇ ಮಲಗ್ತಿದ್ದೆ. ಯಾತಕ್ಕೆ? ಎಲ್ಲಾ ಓದಿದೋರು, ನಮ್ಮನೆಯೋರು, ಏನೂ ಇಲ್ಲ ಅಂತಾರೆ, ಇರಾಕಿಲ್ಲ ಅಂತ. ನೀವು ಮುಗಿಯದಲೇ ಬಂದಿದ್ರೆ ಅಪ್ಪನ್ನೂ ದಾಟ್ಕೊಂಡು ಬರ್ತಿದ್ದೆ. ಗಂಟು ಕಟ್ಕೊಂಡು ನಿಂತಿದ್ದು ಕಾಣಲಿಲ್ವಾ ನಿಮಗೆ?"

ಕಾಣದೇ ಏನು, ಕಂಡಿತ್ತು. ಕಂಡದ್ದಕ್ಕೇ ತಾನೆ ಹೋಗಿದ್ದು! ಅವನು ತಡಿಕೆಗೆ ಬಾಯಿ ಹಚ್ಚಿ, ದೈನ್ಯದಿಂದ, ಇನ್ನೂ ನಡುಗುವ ದನಿಯಲ್ಲಿ ಹೇಳಿದ: "ಓಬೀ, ನನ್ನ ಮಾತು ನಂಬು. ಅಲ್ಲಿ ಯಾರೂ ಇಲ್ಲ ಕಣೇ."

ಒಳಗೆ ಬಿಕ್ಕುವುದು ನಿಂತಿತು.

"ಹಂಗಾದ್ರೆ ಕೈ ಯಾರಿಗೆ ಮುಗಿದ್ರಿ?"