ಹನ್ನೊಂದು ಕೊಡ, ಒಂದು ಇಂಟರ್‌ನೆಟ್

ಚಿತ್ರದುರ್ಗದ ಆ ವಠಾರದಲ್ಲಿ ಮನೆ ಹನ್ನೊಂದು, ನಲ್ಲಿ ಒಂದು, ಇಂಟರ್‌ನೆಟ್ಟೂ ಒಂದೇ. ನಲ್ಲಿಯ ಹತ್ತಿರ ಮೂವತ್ತು ವರ್ಷದಿಂದ ಯಾರೂ ಕೈಕೈ ಮಿಲಾಯಿಸಿರಲಿಲ್ಲ. ಇಂಟರ್‌ನೆಟ್ ಹಾಕಿಸಿದ ಮೂರೇ ತಿಂಗಳಿಗೆ ಹನ್ನೊಂದು ಮನೆಯವರೂ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.

ಅದಕ್ಕೇ ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿದ್ದ ತಿಪ್ಪೇಸ್ವಾಮಿಯವರು ಒಂದು ಯಂತ್ರ ಮಾಡಿ, ಬುಧವಾರ ಬೆಳಿಗ್ಗೆ ಅಂಗಳದಲ್ಲಿ ಇಟ್ಟರು. ಕೆಳಗೆ ಹಳೇ ತಕ್ಕಡಿಯ ತಟ್ಟೆ, ಮೇಲೆ ಮಾತಾಡುವ ಡಬ್ಬಿ. ಹೆಸರು ಜಾಲಪಾಲ.

"ದೊಡ್ಡ ದೊಡ್ಡ ದೇಶಗಳೇ ಇಂಟರ್‌ನೆಟ್ಟಿಗೆ ಕಾಯ್ದೆ ಮಾಡೋಕೆ ಹೋಗಿ ಸುಸ್ತಾಗಿ ಕೂತಿವೆ," ಎಂದು ಭಾಷಣ ಶುರುಮಾಡಿದರು. "ಈ ದೇಶದ ಕಾಯ್ದೆ ಆ ದೇಶದಲ್ಲಿ ನಡೆಯಲ್ಲ. ದುಡ್ಡಿದ್ದೋನು ಎಲ್ಲಾ ಹೀರ್ಕೋತಾನೆ, ಅಧಿಕಾರ ಇದ್ದೋನು ಬಾಯಿ ಮುಚ್ಚಿಸ್ತಾನೆ. ನಾನು ದಾರಿ ಕಂಡುಹಿಡಿದಿದೀನಿ. ಇಂಟರ್‌ನೆಟ್ಟಿಗೆ ನಮ್ಮ ನಲ್ಲಿ ಕಾಯ್ದೆ."

"ಆ ಕಾಯ್ದೆ ನಂದು," ಎಂದರು ಅವರ ಹೆಂಡತಿ ಓಂಕಾರಮ್ಮ, ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ. "ಮೂರು ದಿನ ಕೂರಿಸಿ ಹೇಳಿಸ್ಕೊಂಡ್ರು. ಸಾರು ಸೀದುಹೋಯ್ತು."

"ಧ್ವನಿಯೂ ಅವಳದೇ," ಎಂದು ಹೆಮ್ಮೆಯಿಂದ ಗುಂಡಿ ಒತ್ತಿದರು.

"ಮೊದಲು ಕೊಡ ಇಟ್ಟೋರಿಗೆ ಮೊದಲು," ಎಂದು ಡಬ್ಬಿ ಓಂಕಾರಮ್ಮನ ಗಂಟಲಲ್ಲೇ ಗದರಿತು. "ಒಂದು ಸರದಿಗೆ ಒಂದೇ ಕೊಡ. ಹೊರಗಿನೋರಿಗೆ ವಠಾರದೋರದ್ದು ಮುಗಿದ ಮೇಲೆ. ಜಗಳ ಆಡಿದ್ರೆ ನಲ್ಲಿ ಬಂದ್. ಇಬ್ಬರೂ 'ನೀನೇ ಮೊದಲು ಹಿಡ್ಕೊ' ಅನ್ನೋವರೆಗೂ ಬಿಡಲ್ಲ."

ತಟ್ಟೆಯ ಮೇಲೆ ಕೊಡ ಇಟ್ಟ ಮನೆಗೆ ಒಂದು ಕೊಡದಷ್ಟು ಇಂಟರ್‌ನೆಟ್. ಮುಗಿದರೆ ಮತ್ತೆ ಸರದಿಯ ಕೊನೆಗೆ. ಟೈಲರ್ ಮೆಹಬೂಬಿಯ ಮಗಳು ಶಮೀಮ್ ಕೂಡ ತನ್ನ ಹಿತ್ತಾಳೆ ಕೊಡ ತಂದು ಸಾಲಿಗಿಟ್ಟಳು. ನಾಲ್ಕು ಗಂಟೆಗೆ ಅವಳಿಗೆ ಮಂಗಳೂರಿನ ಆಸ್ಪತ್ರೆಯೊಂದರ ನರ್ಸ್ ಕೆಲಸಕ್ಕೆ ಫೋನಿನಲ್ಲೇ ವಿಡಿಯೊ ಸಂದರ್ಶನ. ಎರಡು ವರ್ಷ ಅರ್ಜಿ ಹಾಕಿ ಹಾಕಿ ಬಂದ ಮೊದಲ ಕರೆ.

"ಸಿಗುತ್ತಲ್ವಾ ಅಜ್ಜಿ?" ಎಂದು ಓಂಕಾರಮ್ಮನನ್ನು ಕೇಳಿದಳು.

"ನನ್ನ ಕಾಯ್ದೆಯಲ್ಲಿ ಯಾರ ಸರದೀನೂ ತಪ್ಪಿಲ್ಲ ಕಣೇ. ಹೋಗಿ ತಲೆ ಬಾಚ್ಕೊ."

ಹನ್ನೊಂದು ಗಂಟೆಗೆ ಬ್ಯಾಂಕಿನವನೊಬ್ಬ ಓಡಿಬಂದ. ಹಿಂದೆಯೇ ತಾಲ್ಲೂಕು ಕಚೇರಿಯ ಜವಾನ. ಎರಡೂ ಕಡೆ ಇಂಟರ್‌ನೆಟ್ ನಿಂತಿತ್ತು. ತಿಪ್ಪೇಸ್ವಾಮಿಯವರು ಯಂತ್ರವನ್ನು ವಠಾರದ ತಂತಿಗೆ ಕೊಡುವ ಬದಲು ಮಹಡಿಯ ಮೇಲೆ ಹಾದುಹೋಗುವ ದಪ್ಪ ಕೇಬಲ್ಲಿಗೆ ಕಟ್ಟಿದ್ದರು. ಅರ್ಧ ಊರಿನ ಇಂಟರ್‌ನೆಟ್ಟು, ಮೊಬೈಲ್ ಟವರು ಎಲ್ಲಾ ಅದರಲ್ಲೇ.

"ಕಿತ್ತುಬಿಡ್ರಿ," ಎಂದರು ಓಂಕಾರಮ್ಮ.

"ಕಿತ್ರೆ ಕೇಬಲ್ಲೇ ತುಂಡಾಗುತ್ತೆ ಕಣೆ. ಮತ್ತೆ ಜೋಡಿಸೋಕೆ ಎರಡು ದಿನ ಬೇಕು."

ಸಾಲು ಬೆಳೆಯಿತು. ಕಲ್ಯಾಣ ಮಂಟಪದ ಮಾಲೀಕ ಟೆಂಪೋದಲ್ಲಿ ಇನ್ನೂರು ಕೊಡ ಕಳಿಸಿದ. "ಒಂದು ಸರದಿಗೆ ಒಂದೇ ಕೊಡ," ಎಂದಿತು ಡಬ್ಬಿ. ಪೊಲೀಸಿನವರು ಕೈಯಲ್ಲಿದ್ದದ್ದನ್ನೇ ತಟ್ಟೆಗಿಟ್ಟು, "ಕಾನೂನು ಅಂದ್ರೆ ನಾವು," ಎಂದರು. "ಯಾವ ವಠಾರ? ಇದು ಕೊಡ ಅಲ್ಲ, ಫ್ಲಾಸ್ಕು," ಎಂದಿತು ಡಬ್ಬಿ. ಎಲ್ಲರೂ ತಿರುಗಿ ಓಂಕಾರಮ್ಮನ ಮುಖ ನೋಡಿದರು. ಅವರು ಅವರೆಕಾಯಿ ಸುಲಿಯುತ್ತಲೇ ಇದ್ದರು.

ಮೂರು ಗಂಟೆಗೆ, ಸರದಿಯಲ್ಲಿ ಸಿಕ್ಕ ಒಂದೊಂದು ಕೊಡದಲ್ಲೇ, ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ಕೌನ್ಸಿಲರ್ ಹನುಮಂತರೆಡ್ಡಿಗೂ ಮಾಜಿ ಕೌನ್ಸಿಲರ್ ವೀರಬಸಪ್ಪನಿಗೂ ಹತ್ತಿಕೊಂಡಿತು. ಬಸ್ ಸ್ಟಾಪಿನ ದೀಪ ಹಾಕಿಸಿದ್ದು ಯಾರು ಅಂತ.

"ಜಗಳ. ನಲ್ಲಿ ಬಂದ್," ಎಂದಿತು ಡಬ್ಬಿ.

ಅರ್ಧ ಊರಿನ ಇಂಟರ್‌ನೆಟ್ ಉಸಿರು ನಿಲ್ಲಿಸಿತು. ಶಮೀಮ್ ಫೋನ್ ಹಿಡಿದು ಬಾಗಿಲಿಗೆ ಓಡಿಬಂದಳು. ಮೆಹಬೂಬಿ, "ಅಕ್ಕಾ, ನಿಮ್ಮ ಧ್ವನಿ ತಾನೇ ಅದು? ಒಂದು ಮಾತು ಹೇಳಿ," ಎಂದು ಓಂಕಾರಮ್ಮನ ಕೈ ಹಿಡಿದಳು. ಓಂಕಾರಮ್ಮ ಮೊದಲ ಸಲ ಅವರೆಕಾಯಿ ಮೊರ ಪಕ್ಕಕ್ಕಿಟ್ಟರು. "ಆ ಇಬ್ಬರನ್ನೂ ಕರ್ಕೊಂಡು ಬನ್ನಿ."

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಇಬ್ಬರೂ ಮುಖ ಗಂಟು ಹಾಕಿಕೊಂಡು ಬಂದರು. ಅಂಗಳದ ತುಂಬ ಕೊಡ, ಕೊಡದ ಹಿಂದೆಲ್ಲ ಮತದಾರರು. ಕಂಡಿದ್ದೇ ತಡ, ಹನುಮಂತರೆಡ್ಡಿ ಕೈಮುಗಿದ.

"ನೀವೇ ಮೊದಲು ಹಿಡ್ಕೊಳ್ಳಿ, ವೀರಬಸಪ್ಪನೋರೇ."

"ಛೆ, ಛೆ. ಅಧಿಕಾರದಲ್ಲಿರೋರು ನೀವು. ನೀವೇ ಮೊದಲು."

"ಜಗಳ ಮುಗೀತು," ಎಂದಿತು ಡಬ್ಬಿ. "ಇಬ್ಬರಲ್ಲಿ ಒಬ್ಬರು ಕೊಡ ಇಡಿ."

ಯಾರೂ ಇಡಲಿಲ್ಲ. ಮೊದಲು ಇಟ್ಟವನು ಸಣ್ಣವನಾಗುತ್ತಾನಲ್ಲ. "ನೀವು," "ಉಹುಂ, ನೀವು," ಎನ್ನುತ್ತಾ ಇಬ್ಬರೂ ಬಗ್ಗಿ ಬಗ್ಗಿ ನಿಂತರು. ಗಡಿಯಾರದ ಮುಳ್ಳು ನಾಲ್ಕರ ಹತ್ತಿರ ಬಂತು. ಓಂಕಾರಮ್ಮ ನಡೆದುಹೋಗಿ, ಇಬ್ಬರ ನಡುವೆ ಕೈಹಾಕಿ, ಶಮೀಮಳ ಹಿತ್ತಾಳೆ ಕೊಡವನ್ನು ತಟ್ಟೆಯ ಮೇಲೆ ಠಣ್ಣನೆ ಇಟ್ಟರು.

"ಇದು ಯಾವ ಕಾಯ್ದೆ?" ಎಂದಿತು ಡಬ್ಬಿ.

"ನಿನಗೆ ಹೇಳದೆ ಉಳಿಸ್ಕೊಂಡಿದ್ದು. ಗಂಡಸರು ಉಪಚಾರಕ್ಕೆ ನಿಂತಾಗ ಕೆಲಸ ಇರೋಳು ಹಿಡ್ಕೋಬೇಕು."

ತನ್ನದೇ ಧ್ವನಿಗೆ ಸೋತು ಡಬ್ಬಿ ನಲ್ಲಿ ಬಿಟ್ಟಿತು.

ಅರ್ಧ ಊರಿನ ಇಂಟರ್‌ನೆಟ್ಟೆಲ್ಲ ಆ ಪುಟ್ಟ ಫೋನಿಗೆ ಹರಿಯಿತು. ಚಿತ್ರ ಎಷ್ಟು ಸ್ಪಷ್ಟವಾಯಿತೆಂದರೆ ಆ ಕಡೆಯ ಡಾಕ್ಟರಿಗೆ ಶಮೀಮಳ ಹಿಂದೆ ಅಂಗಳದಲ್ಲಿ ಕೂತಿದ್ದವರೆಲ್ಲ ಕಂಡರು.

"ಯಾರಮ್ಮ ಅವರೆಲ್ಲ? ಪೊಲೀಸರೂ ಇದ್ದ ಹಾಗಿದೆ?"

"ಸರದಿ ಕಾಯ್ತಿದಾರೆ ಸರ್. ನನ್ನದು ಮುಗಿಯೋವರೆಗೆ ಯಾರೂ ಮಾತಾಡಲ್ಲ."

ಡಾಕ್ಟರು ಪಕ್ಕದವರ ಕಡೆ ತಿರುಗಿದ್ದೂ ಸ್ಪಷ್ಟವಾಗಿ ಕೇಳಿಸಿತು. "ಇಷ್ಟು ಜನರನ್ನ ಸುಮ್ಮನೆ ಕೂರಿಸೋ ನರ್ಸು ನಮ್ಮ ಹೊರರೋಗಿ ವಿಭಾಗಕ್ಕೆ ನಾಳೆಯೇ ಬೇಕು."

ಮೆಹಬೂಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರು ಕೌನ್ಸಿಲರುಗಳು ಇನ್ನೂ ಪಿಸುದನಿಯಲ್ಲಿ "ನೀವು, ನೀವು" ಎನ್ನುತ್ತಲೇ ಇದ್ದರು. ತಿಪ್ಪೇಸ್ವಾಮಿಯವರು ಮೆಲ್ಲಗೆ ಹೆಂಡತಿಯ ಪಕ್ಕಕ್ಕೆ ಬಂದರು.

"ಹಾಗಾದ್ರೆ ನನ್ನ ಯಂತ್ರ ಗೆದ್ದ ಹಾಗೇ ಅಲ್ವೇನೇ?"

"ಗೆದ್ದಿತು ರೀ," ಎಂದರು ಓಂಕಾರಮ್ಮ. "ಈಗ ಆ ಕೊಡಗಳನ್ನ ಬಿಡಿಸಿಕೊಡಿ. ನಲ್ಲೀಲಿ ನೀರು ಬರೋ ಹೊತ್ತಾಯ್ತು."